ಶುಲ್ಕದ ಜೊತೆಗೆ ಊಟವೂ ಬೇಕು: ನಮ್ಮ ವಿದ್ಯಾರ್ಥಿನಿಯರ ರಕ್ತಹೀನತೆಯ ಕುರಿತು



ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಮಗಳನ್ನು ಕರೆತರುವ ತಾಯಂದಿರಿಂದ ಆಗಾಗ ಕೇಳುವ ಮಾತೊಂದಿದೆ. “ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಓದುತ್ತಿದ್ದಳು. ಈಗ ಪುಸ್ತಕ ಹಿಡಿದರೆ ನಿದ್ದೆ, ಮೆಟ್ಟಿಲು ಹತ್ತಿದರೆ ಏದುಸಿರು. ತುಂಬಾ ಉದಾಸೀನ ಇವಳಿಗೆ.” ಉದಾಸೀನವೆಂದು ಬೈಸಿಕೊಳ್ಳುವ ಈ ಮಕ್ಕಳಲ್ಲಿ ಅನೇಕರಿಗೆ ನಿಜವಾಗಿ ಇರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಇದು ಶೇ. 31.

ಹುಡುಗಿಯರಲ್ಲೇ ಹೆಚ್ಚು ಏಕೆ?

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಮೆದುಳಿಗೂ ಸ್ನಾಯುಗಳಿಗೂ ಆಮ್ಲಜನಕವನ್ನು ಒಯ್ಯುತ್ತದೆ. ಅದನ್ನು ತಯಾರಿಸಲು ದೇಹಕ್ಕೆ ಕಬ್ಬಿಣಾಂಶ ಬೇಕು. ಹದಿಹರೆಯದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು, ತಡಮಾಡದೆ ಚಿಕಿತ್ಸೆ ಕೊಡಿಸಬೇಕು.

ಈ ವಯಸ್ಸಿನಲ್ಲಿ ಮೈ ಬೇಗ ಬೆಳೆಯುತ್ತದೆ, ಜೊತೆಗೆ ಪ್ರತಿ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಆದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ ಸಾಕೆಂದಿದ್ದರೆ, ಹುಡುಗಿಗೆ 30 ಮಿಲಿಗ್ರಾಂ ಬೇಕೆಂದು ಹೇಳಲಾಗಿದೆ. ಹೆಚ್ಚು ಬೇಕಾದವಳು ಮಗಳು. ಆದರೆ ಎಷ್ಟೋ ಮನೆಗಳಲ್ಲಿ ಗಂಡಸರಿಗೂ ಗಂಡುಮಕ್ಕಳಿಗೂ ಬಡಿಸಿದ ಮೇಲೆ ಉಳಿದ ಸಾರಿನಲ್ಲಿ ಅವಳ ಊಟ ಮುಗಿಯುತ್ತದೆ.

ಶಾಲೆಯಲ್ಲಿ ಏನು ಸಿಗುತ್ತದೆ?

ನಮ್ಮ ರಾಜ್ಯದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ ಅಕ್ಷರ ದಾಸೋಹದ ಬಿಸಿಯೂಟ ಇದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಇದೆ. ಊಟದ ಜೊತೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡುತ್ತಾರೆ. 6ರಿಂದ 12ನೇ ತರಗತಿಯವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ವರ್ಷಕ್ಕೆ ಎರಡು ಬಾರಿ ಜಂತುಹುಳದ ಮಾತ್ರೆಯೂ ಇದೆ. ಕೊಕ್ಕೆಹುಳ ಹೊಟ್ಟೆಯೊಳಗೆ ರಕ್ತ ಹೀರುವುದರಿಂದ ಅದೂ ಮುಖ್ಯ.

ಈ ನೀಲಿ ಮಾತ್ರೆಯನ್ನು ಕೆಲವು ಮಕ್ಕಳು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ. ಹೊಟ್ಟೆ ತೊಳಸುತ್ತದೆ ಎನ್ನುವುದು ಒಂದು ಕಾರಣ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹಾಗಾಗುತ್ತದೆ, ಊಟದ ನಂತರ ತೆಗೆದುಕೊಂಡರೆ ಕಡಿಮೆ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಇನ್ನೊಂದು ಕಾರಣ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು. ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ದಿನಾಲೂ ಕೊಡುವ ಕೆಂಪು ಮಾತ್ರೆಯಲ್ಲಿ ಇರುವುದೂ ಇದೇ ಕಬ್ಬಿಣ ಮತ್ತು ಫೋಲಿಕ್ ಆಸಿಡ್. ತಾಯಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಒಳಿತಾಗಲೆಂದು ಕೊಡುವ ವಸ್ತು ಮಗಳಿಗೆ ಕೆಡುಕು ಮಾಡುವುದಿಲ್ಲ.

ನಮ್ಮ ನೆರವಿನ ಒಂದು ಕೊರತೆ

ಇಲ್ಲಿ ದಾನಿಗಳ ಗಮನಕ್ಕೆ ತರಬೇಕಾದ ಒಂದು ವಿಷಯವಿದೆ. ನಮ್ಮ ವಿದ್ಯಾರ್ಥಿವೇತನದಿಂದ ಒಬ್ಬಳು ಹುಡುಗಿ ಸರಕಾರಿ ಶಾಲೆ ಬಿಟ್ಟು ಅನುದಾನರಹಿತ ಶಾಲೆಗೆ ಸೇರಿದರೆ, ಅಥವಾ ಎಸೆಸೆಲ್ಸಿ ಮುಗಿಸಿ ದೂರದ ಪಿಯು ಕಾಲೇಜಿಗೆ ಹೋದರೆ, ನಾವು ಸಂತೋಷಪಡುತ್ತೇವೆ. ಆದರೆ ಆ ದಿನದಿಂದ ಅವಳಿಗೆ ಬಿಸಿಯೂಟ ಇಲ್ಲ, ಹಾಲು ಮೊಟ್ಟೆ ಇಲ್ಲ, ಅನೇಕ ಕಡೆ ಮಾತ್ರೆಯೂ ಇಲ್ಲ. ಬೆಳಗ್ಗೆ ಬಸ್ಸು ತಪ್ಪಬಾರದೆಂದು ಬರೀ ಚಹಾ ಕುಡಿದು ಹೊರಡುತ್ತಾಳೆ. ಮಧ್ಯಾಹ್ನ ಒಂದು ಪ್ಯಾಕೆಟ್ ಚಿಪ್ಸ್. ಮನೆಯಲ್ಲಿ ಊಟವಾಗುವಾಗ ಸಂಜೆ ಐದು ಗಂಟೆ. ನಾವು ಶುಲ್ಕ ಕಟ್ಟುತ್ತೇವೆ, ಆದರೆ ಪಾಠ ಕೇಳುವ ಶಕ್ತಿ ಅವಳಲ್ಲಿ ಉಳಿದಿರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಖರ್ಜೂರ, ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆ. ಅವು ಒಳ್ಳೆಯ ಆಹಾರವೇ. ಆದರೆ ಎರಡು ಮೂರು ಖರ್ಜೂರದಿಂದ ಸಿಗುವ ಕಬ್ಬಿಣ ದಿನದ ಅಗತ್ಯದ ತೀರಾ ಸಣ್ಣ ಪಾಲು. ಬೀಟ್‌ರೂಟಿನ ಕೆಂಪು ಬರೀ ಬಣ್ಣ. ಮಾಂಸ, ಕೋಳಿಯ ಅಥವಾ ಆಡಿನ ಲಿವರ್, ಮೀನು, ಮರುವಾಯಿ ಇವುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಲಿವರ್ ತಂದರೆ ಮಗಳ ತಟ್ಟೆಗೂ ಸಮಪಾಲು ಬರಲಿ. ಹುರುಳಿ, ಕಡಲೆ, ಹೆಸರು, ರಾಗಿ, ಹರಿವೆ, ನುಗ್ಗೆಸೊಪ್ಪು ಇವುಗಳಲ್ಲಿಯೂ ಕಬ್ಬಿಣವಿದೆ, ಆದರೆ ದೇಹ ಹೀರಿಕೊಳ್ಳುವುದು ಕಡಿಮೆ. ಜೊತೆಗೆ ಲಿಂಬೆರಸ, ನೆಲ್ಲಿಕಾಯಿ ಅಥವಾ ಪೇರಳೆ ಇದ್ದರೆ ಅದು ಹೆಚ್ಚುತ್ತದೆ.

ಇದಕ್ಕೆ ವಿರುದ್ಧವಾದದ್ದು ಚಹಾ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದರೆ ಅದು ಕಬ್ಬಿಣವನ್ನು ತಡೆಯುತ್ತದೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಮಾತ್ರೆಯನ್ನೂ ಚಹಾ, ಹಾಲಿನ ಜೊತೆ ನುಂಗಬಾರದು.

ರಮಝಾನ್ ತಿಂಗಳಲ್ಲಿ ಉಪವಾಸವಿರುವ ಹುಡುಗಿ ಶಾಲೆಯಲ್ಲಿ ಮಾತ್ರೆ ನುಂಗುವಂತಿಲ್ಲ. ಅದಕ್ಕಾಗಿ ಬಿಡಬೇಕಾಗಿಲ್ಲ. ಶಿಕ್ಷಕಿಯವರಲ್ಲಿ ಕೇಳಿ ಮನೆಗೆ ತಂದು ಇಫ್ತಾರ್ ನಂತರದ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಸಹರಿಗೆ ಏಳದೆ ಉಪವಾಸ ಹಿಡಿಯಲು ಬಿಡಬೇಡಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ತೀವ್ರ ರಕ್ತಹೀನತೆ ಇರುವ ಮಗಳ ವಿಚಾರದಲ್ಲಿ ವೈದ್ಯರನ್ನೂ ಉಸ್ತಾದರನ್ನೂ ಕೇಳಿ ತೀರ್ಮಾನಿಸಿ.

ಮುಟ್ಟಿನಲ್ಲಿ ಏಳು ದಿನಕ್ಕಿಂತ ಹೆಚ್ಚು ರಕ್ತ ಹೋಗುತ್ತಿದ್ದರೆ ನಾಚಿಕೆಯಿಂದ ಮುಚ್ಚಿಡಬಾರದು, ವೈದ್ಯರಿಗೆ ತೋರಿಸಬೇಕು. ಮಾತ್ರೆ ತೆಗೆದುಕೊಂಡೂ ಹಿಮೋಗ್ಲೋಬಿನ್ ಏರದಿದ್ದರೆ ಅದು ಥಲಸ್ಸೀಮಿಯಾದಂಥ ವಂಶಪಾರಂಪರ್ಯ ತೊಂದರೆಯೂ ಇರಬಹುದು. ಕುಟುಂಬದಲ್ಲಿ ಅಂಥ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಬೇಡ.

ಈ ಸಾಲಿನ ಅರ್ಜಿದಾರರಿಗೆ

ವಿದ್ಯಾರ್ಥಿನಿಯರ ಅರ್ಜಿಯಲ್ಲಿ ಈ ಬಾರಿ ಎರಡು ಪ್ರಶ್ನೆ ಸೇರಿಸಿದ್ದೇವೆ: ಮಧ್ಯಾಹ್ನದ ಊಟ ಎಲ್ಲಿ? ಕಳೆದ ಒಂದು ವರ್ಷದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ? ಉತ್ತರ ಏನೇ ಇದ್ದರೂ ಆಯ್ಕೆಗೆ ಅದು ಅಡ್ಡಿಯಲ್ಲ, ಅದನ್ನು ಯಾರಿಗೂ ತೋರಿಸುವುದಿಲ್ಲ. ಪರೀಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಬಹುದು. ಬಿಸಿಯೂಟ ಸಿಗದ ವಿದ್ಯಾರ್ಥಿನಿಯರಿಗೆ ಶುಲ್ಕದ ಜೊತೆ ಊಟದ ಭತ್ತೆಯನ್ನೂ ಕೊಡಬೇಕೆಂಬುದು ಟ್ರಸ್ಟಿನ ಇಚ್ಛೆ. ಎಷ್ಟು ಮಂದಿಗೆ ಕೊಡಬಹುದು ಎಂಬುದು ದಾನಿಗಳ ಸಹಕಾರವನ್ನು ಅವಲಂಬಿಸಿದೆ. ಒಬ್ಬಳ ಶುಲ್ಕ ವಹಿಸಿಕೊಳ್ಳುವವರು ಅವಳ ಮಧ್ಯಾಹ್ನದ ಊಟವನ್ನೂ ವಹಿಸಿಕೊಳ್ಳಬೇಕೆಂದು ವಿನಂತಿ.

ಅಲ್ಲಾಹನು ನಿಮ್ಮೆಲ್ಲರ ದಾನವನ್ನು ಸ್ವೀಕರಿಸಲಿ, ನಮ್ಮ ಹೆಣ್ಣುಮಕ್ಕಳಿಗೆ ಆರೋಗ್ಯವನ್ನೂ ವಿದ್ಯೆಯನ್ನೂ ಕರುಣಿಸಲಿ. ಆಮೀನ್.