ಮನೆಯಲ್ಲಿ ಕಟ್ಟಿದ ವಿಮಾನ: ಎಂಜಿನ್‌ಗೆ ಕೈ ಹಾಕುವ ಮುನ್ನ

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ, ಅದನ್ನು ತಾವೇ ಹಾರಿಸುವ ಸಾವಿರಾರು ಮಂದಿ ಇದ್ದಾರೆ. ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ ಕಲಿಕೆಗೋ ಸಂತೋಷಕ್ಕೋ ಮಾಡಿದ್ದರೆ, ಅಲ್ಲಿನ ವಿಮಾನಯಾನ ಆಡಳಿತ ಎಫ್‌ಎಎ ಅದನ್ನು ‘ಪ್ರಾಯೋಗಿಕ’ ವರ್ಗದಲ್ಲಿ ಹಾರಲು ಬಿಡುತ್ತದೆ. 1953ರಲ್ಲಿ ಹುಟ್ಟಿದ ಇಎಎ ಎಂಬ ಸಂಘ ಇವರ ಬೆನ್ನಿಗಿದೆ. ನಮ್ಮ ಬೆಂಗಳೂರಿನ ಎನ್‌ಎಎಲ್ ಕೂಡ 1980ರ ದಶಕದಲ್ಲಿ, ಬರ್ಟ್ ರುಟಾನ್ ಹವ್ಯಾಸಿಗಳಿಗೆಂದೇ ರೂಪಿಸಿದ ಲಾಂಗ್-ಈಝೀ ವಿಮಾನವನ್ನು ಆಧರಿಸಿ ಒಂದು ಪುಟ್ಟ ಸಂಶೋಧನಾ ವಿಮಾನವನ್ನು ಹಾರಿಸಿತ್ತು. ಈ ಹವ್ಯಾಸದ ಬಗ್ಗೆ ನನಗೆ ತುಂಬು ಗೌರವವಿದೆ. ಅದಕ್ಕೇ ಇದರ ಕಹಿ ಲೆಕ್ಕವನ್ನೂ ಹೇಳಬೇಕು.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿನ ಸಣ್ಣ ಮತ್ತು ಖಾಸಗಿ ವಿಮಾನಗಳಲ್ಲಿ ಹವ್ಯಾಸಿಗಳು ಕಟ್ಟಿದವು ಸುಮಾರು ಶೇ. 10 ಮಾತ್ರ. ಆದರೆ 2011ರ ಅಪಘಾತಗಳಲ್ಲಿ ಅವುಗಳ ಪಾಲು ಸುಮಾರು ಶೇ. 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ. 21. ಹೆಚ್ಚಿನವಕ್ಕೆ ಕಾರಣ ಎರಡು: ಹಾರಾಟದಲ್ಲಿ ನಿಯಂತ್ರಣ ತಪ್ಪಿದ್ದು ಮತ್ತು ಎಂಜಿನ್ ಕೈಕೊಟ್ಟದ್ದು. ಎಂಜಿನ್ ಕೈಕೊಡುವುದರ ಹಿಂದೆ ಎಷ್ಟೋ ಸಲ ಇರುವುದು ಅಜ್ಞಾನವಲ್ಲ, ಅರ್ಧ ಜ್ಞಾನ.

ತಪ್ಪು ಕಲ್ಪನೆ: ಕಾರಿನ ಎಂಜಿನ್ ಬಿಚ್ಚಿ ಜೋಡಿಸಬಲ್ಲವರಿಗೆ ವಿಮಾನದ್ದೇನು ಮಹಾ?

ಕಾರಿನ ಎಂಜಿನ್ ವಿಮಾನಕ್ಕೆ ಒಗ್ಗುವುದೇ ಇಲ್ಲ ಎಂದಲ್ಲ. ಅಮೆರಿಕದ ಹವ್ಯಾಸಿ ಬರ್ನಾರ್ಡ್ ಪೀಟೆನ್‌ಪೋಲ್ 1920ರ ದಶಕದ ಕೊನೆಗೇ ಫೋರ್ಡ್ ಮಾಡೆಲ್ ಎ ಎಂಜಿನ್ ಕೂರಿಸಿ ತಮ್ಮ ಏರ್ ಕ್ಯಾಂಪರ್ ವಿಮಾನ ಹಾರಿಸಿದ್ದರು. ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರಿಗೆ ಎಂಜಿನ್ನಿನ ಶಕ್ತಿಯ ಸಣ್ಣ ಪಾಲು ಸಾಕು. ವಿಮಾನದ ಎಂಜಿನ್ ಮೇಲೇರುವಾಗ ಪೂರ್ತಿ ಶಕ್ತಿ ಕೊಡಬೇಕು, ಆಮೇಲೂ ಗಂಟೆಗಟ್ಟಲೆ ಶೇ. 65ರಿಂದ 75ರಷ್ಟು ಶಕ್ತಿಯಲ್ಲೇ ದುಡಿಯಬೇಕು. ಜೊತೆಗೆ ಕಾರಿನ ಕ್ರ್ಯಾಂಕ್‌ಶಾಫ್ಟ್ ಪ್ರೊಪೆಲ್ಲರ್ ಹೊರಲೆಂದು ಮಾಡಿದ್ದೇ ಅಲ್ಲ. ವಿಮಾನ ತಿರುಗಿದಾಗ, ಮೂತಿ ಎತ್ತಿದಾಗ ಸುತ್ತುತ್ತಿರುವ ಪ್ರೊಪೆಲ್ಲರ್ ಆ ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ಷೆವ್ರೊಲೆಯ ಕೊರ್ವೇರ್ ಕಾರಿನ ಆರು ಸಿಲಿಂಡರ್ ಎಂಜಿನ್ ಹವ್ಯಾಸಿಗಳಿಗೆ ಬಹಳ ಪ್ರಿಯವಾಗಿತ್ತು. ಅದರ ಕ್ರ್ಯಾಂಕ್‌ಶಾಫ್ಟ್‌ಗಳು ಹಾರಾಟದಲ್ಲೇ ಮುರಿದ ಮೇಲೆ ಶಾಫ್ಟಿನ ಮೇಲ್ಮೈ ಗಟ್ಟಿ ಮಾಡುವುದು, ಮುಂಭಾಗದಲ್ಲಿ ಐದನೆಯ ಬೇರಿಂಗ್ ಕೂರಿಸುವುದು ರೂಢಿಗೆ ಬಂತು. ಪ್ರೊಪೆಲ್ಲರಿನ ಎಳೆತದಿಂದ ಶಾಫ್ಟಿನಲ್ಲಿ ಮೂಡುವ ಇಂಥ ಬಿರುಕು ಮೂವತ್ತು ವರ್ಷ ಕಾರು ರಿಪೇರಿ ಮಾಡಿದವರ ಕಣ್ಣಿಗೂ ಬಿದ್ದಿರಲಾರದು. ಕಾರಿನಲ್ಲಿ ಅದು ಹುಟ್ಟುವುದೇ ಇಲ್ಲ.

ತಪ್ಪು ಕಲ್ಪನೆ: ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿದ್ದೇನೆ, ನಡುಕವಿಲ್ಲ, ಇನ್ನೇನು ಭಯ?

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು ಎಂದು ನನ್ನ ಅಭಿಪ್ರಾಯ. ಕಾರಿನ ಎಂಜಿನ್ ಶಕ್ತಿ ಕೊಡುವುದು ಜೋರಾಗಿ ಸುತ್ತಿದಾಗ. ಪ್ರೊಪೆಲ್ಲರ್ ಅಷ್ಟು ಜೋರು ಸುತ್ತುವಂತಿಲ್ಲ. ಆರು ಅಡಿಯ ಪ್ರೊಪೆಲ್ಲರ್ ನಿಮಿಷಕ್ಕೆ 2700 ಸುತ್ತು ಸುತ್ತಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 260 ಮೀಟರ್. 4500 ಸುತ್ತಿಗೆ ಅದು ಶಬ್ದದ ವೇಗವನ್ನು ದಾಟುತ್ತದೆ, ಎಂಜಿನ್ನಿನ ಶಕ್ತಿ ಸದ್ದಾಗಿ ಪೋಲಾಗುತ್ತದೆ. ಹಾಗಾಗಿ ನಡುವೆ ವೇಗ ಇಳಿಸುವ ಗೇರೋ ಬೆಲ್ಟೋ ಬೇಕು. ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಶಾಫ್ಟಿಗೆ ಒಂದು ಹೊಡೆತ ಬೀಳುತ್ತದೆ. ಶಾಫ್ಟು ಕೂದಲೆಳೆಯಷ್ಟು ತಿರುಚಿ ಮತ್ತೆ ನೇರವಾಗುತ್ತದೆ. ಯಾವುದೋ ಒಂದು ವೇಗದಲ್ಲಿ ಈ ಹೊಡೆತಗಳ ಲಯವೂ ಶಾಫ್ಟ್, ಗೇರ್, ಪ್ರೊಪೆಲ್ಲರ್‌ಗಳ ಸ್ವಂತ ಲಯವೂ ಕೂಡಿಬಿಟ್ಟರೆ, ತಿರುಚು ಹಲವು ಪಟ್ಟು ಹೆಚ್ಚಿ ಲೋಹ ದಣಿಯತೊಡಗುತ್ತದೆ. ಇದು ಸೀಟಿಗಾಗಲಿ ಕಿವಿಗಾಗಲಿ ತಿಳಿಯಬೇಕೆಂದಿಲ್ಲ. ಶಾಫ್ಟಿಗೆ ಸಂವೇದಕ ಅಂಟಿಸಿ ಅಳೆದರಷ್ಟೇ ಖಚಿತ, ಮತ್ತು ಹಾಗೆ ಅಳೆಯುವ ಸಲಕರಣೆ ಸಾಮಾನ್ಯವಾಗಿ ಗ್ಯಾರೇಜುಗಳಲ್ಲಿ ಇರುವುದಿಲ್ಲ.

ಪ್ರಮಾಣಿತ ಎಂಜಿನ್ನುಗಳಿಗೂ ಇದರಿಂದ ವಿನಾಯಿತಿ ಇಲ್ಲ. ವಿಮಾನದ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯ ಓ-360 ಎಂಜಿನ್ನಿಗೆ ಹಾರ್ಟ್‌ಜೆಲ್‌ನ ಕೆಲವು ಪ್ರೊಪೆಲ್ಲರ್ ಜೋಡಿಸಿದರೆ 2000ದಿಂದ 2250 ಸುತ್ತುಗಳ ನಡುವೆ ನಿರಂತರ ಓಡಿಸಬಾರದೆಂಬ ನಿರ್ಬಂಧವಿದೆ. ಅಳೆದು ನೋಡಿ ಹಾಕಿದ ನಿರ್ಬಂಧ ಅದು. ಎಂಜಿನ್ನಿನೊಳಗೆ ಹೆಚ್ಚು ಒತ್ತಡದ ಪಿಸ್ಟನ್ ಹಾಕಿದರೆ, ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿ ಕಿಡಿಯ ಸಮಯ ಬದಲಿಸಿದರೆ ಆ ಅಳತೆ ಹಳತಾಗುತ್ತದೆ. ಪ್ರೊಪೆಲ್ಲರ್ ತಯಾರಕರೇ ಈ ಎಚ್ಚರಿಕೆ ಕೊಡುತ್ತಾರೆ. ಕೈ ಹಾಕಿದ್ದು ಪಿಸ್ಟನ್ನಿಗೆ, ಬಿರುಕು ಬಿಡುವುದು ಪ್ರೊಪೆಲ್ಲರಿನ ಅಲಗು.

ತಪ್ಪು ಕಲ್ಪನೆ: ಹೆಚ್ಚು ಅಶ್ವಶಕ್ತಿ ಅಂದರೆ ಹೆಚ್ಚು ಸುರಕ್ಷತೆ, ಹೆಚ್ಚು ವೇಗ.

ಲೈಕಮಿಂಗ್ ಓ-320ರ 150 ಅಶ್ವಶಕ್ತಿಯ ಮಾದರಿಯಲ್ಲಿ ಕಂಪ್ರೆಷನ್ ಅನುಪಾತ 7, 160ರದ್ದರಲ್ಲಿ 8.5. ಸಿಕ್ಕಿದ್ದು ಹತ್ತೇ ಅಶ್ವಶಕ್ತಿ, ಆದರೆ ಹೆಚ್ಚು ಆಕ್ಟೇನಿನ ಇಂಧನ ಬೇಕಾಯಿತು. ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಅದು ಸಿಲಿಂಡರಿನಲ್ಲಿ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುತ್ತದೆ, ಪಿಸ್ಟನ್ ಕರಗಬಹುದು. ಗರಿಷ್ಠ ವೇಗವಾದರೋ ಶಕ್ತಿಯ ಘನಮೂಲದಂತೆ ಏರುವುದು, ಹಾಗಾಗಿ ಈ ಹತ್ತರಿಂದ ಬರುವ ಲಾಭ ಶೇ. 2ರ ಆಸುಪಾಸು. ಏರುವ ವೇಗ ಹೆಚ್ಚುತ್ತದೆ, ನಿಜ. ಆದರೆ ರೆಕ್ಕೆ ಬಾಲಗಳು ಹಳೆಯವೇ. ಹವ್ಯಾಸಿಗಳಿಗೆ ವಿಮಾನದ ಕಿಟ್ ಮಾರುವ ವ್ಯಾನ್ಸ್ ಕಂಪನಿ ತನ್ನ ಆರ್‌ವಿ-9 ಮಾದರಿಗೆ 160 ಅಶ್ವಶಕ್ತಿಯ ಮಿತಿ ಇಟ್ಟಿದೆ. ಮೀರಿದವರು ಅದರ ವಿನ್ಯಾಸಕಾರರ ಲೆಕ್ಕದಿಂದ ಹೊರಗೆ ಹಾರುತ್ತಿರುತ್ತಾರೆ.

ಇಂಧನದ ಹರಿವನ್ನು ಮರೆಯುವವರು ಇನ್ನೂ ಹೆಚ್ಚು. ಟ್ಯಾಂಕಿನಿಂದ ತಾನಾಗಿ ಇಳಿದು ಬರುವ ವ್ಯವಸ್ಥೆಯಾದರೆ ಎಂಜಿನ್ನಿಗೆ ಬೇಕಾಗುವ ಗರಿಷ್ಠ ಇಂಧನದ ಶೇ. 150, ಪಂಪ್ ಇದ್ದರೆ ಶೇ. 125 ಹರಿಯಬೇಕು, ಅದೂ ವಿಮಾನದ ಮೂತಿಯನ್ನು ಕಡಿದಾಗಿ ಏರುವ ಕೋನಕ್ಕೆ ಎತ್ತಿ ಅಳೆದಾಗ. ದೊಡ್ಡ ಎಂಜಿನ್ ಕೂರಿಸಿದವರು ಈ ಪರೀಕ್ಷೆಯನ್ನು ಹೊಸದಾಗಿ ಮಾಡಲೇಬೇಕು.

ತಪ್ಪು ಕಲ್ಪನೆ: ಇನ್‌ಸ್ಪೆಕ್ಟರ್ ನೋಡಿ ಒಪ್ಪಿದ್ದಾರಲ್ಲ!

ಅವರು ವಿಮಾನವನ್ನೂ ಕಾಗದಪತ್ರವನ್ನೂ ನೋಡುತ್ತಾರೆ, ನಿಮ್ಮ ವಿನ್ಯಾಸಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಇದು ಅನುಗುಣವಾಗಿಲ್ಲ ಎಂಬ ಫಲಕವನ್ನು ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಹಾಕಲು ಹೇಳುವುದು ಅದಕ್ಕೇ. ಎಂಜಿನ್ ಮತ್ತು ಪ್ರೊಪೆಲ್ಲರ್ ಪ್ರಮಾಣಿತ ಜೋಡಿಯಾಗಿದ್ದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ ಮಾಡಬೇಕು.

ತಪ್ಪು ಕಲ್ಪನೆ: ನನ್ನ ವಿಮಾನ, ನನ್ನ ಜೀವ.

ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡದ್ದು ಬೇರೊಬ್ಬರು ಕಟ್ಟಿ ಮಾರಿದ ಲಾಂಗ್-ಈಝೀಯಲ್ಲಿ. ನಕ್ಷೆಯ ಪ್ರಕಾರ ಇಂಧನದ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ಇಂಧನದ ಕೊಳವೆಗಳು ಕಾಕ್‌ಪಿಟ್ ಒಳಗೆ ಬೇಡವೆಂದು ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಕೈ ಹಿಂದಕ್ಕೆ ಚಾಚಿದಾಗ ಮೈ ತಿರುಗುತ್ತದೆ, ಕಾಲು ವಿಮಾನದ ಮೂತಿ ತಿರುಗಿಸುವ ರಡ್ಡರ್ ಪೆಡಲನ್ನು ಒತ್ತುತ್ತದೆ. ತಲುಪಲು ಕಷ್ಟವಾದ ಹಿಡಿ, ಗುರುತು ಹಾಕದ ಇಂಧನ ಮಾಪಕ, ಆ ವಿಮಾನದಲ್ಲಿ ಸಾಲದ ಅಭ್ಯಾಸ, ತುಂಬಿಸಿಕೊಳ್ಳದ ಟ್ಯಾಂಕ್ ಎಲ್ಲವನ್ನೂ ಎನ್‌ಟಿಎಸ್‌ಬಿ ಪಟ್ಟಿ ಮಾಡಿತು. ಬದಲಾವಣೆ ಮಾಡಿದವರು ಒಬ್ಬರು, ಪ್ರಾಣ ತೆತ್ತವರು ಇನ್ನೊಬ್ಬರು. 2011ರಲ್ಲಿ ಅಪಘಾತಕ್ಕೀಡಾದ ಈ ವರ್ಗದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಕೈ ಬದಲಾದವೇ.

ಹವ್ಯಾಸಿಯ ಮಿತಿ ಎಂಬುದು ಕೈಚಳಕದ ಪ್ರಶ್ನೆಯಲ್ಲ. ನೀವು ಬದಲಿಸುವ ಭಾಗದಿಂದ ಬೇರೆ ಏನೇನು ಬದಲಾಗುತ್ತದೆ, ಅದನ್ನು ನೆಲದ ಮೇಲೆಯೇ ಹೇಗೆ ಅಳೆಯುತ್ತೀರಿ ಎಂದು ಕಾಗದದ ಮೇಲೆ ಬರೆಯಲು ಬಾರದಿದ್ದರೆ ಆ ಬದಲಾವಣೆ ನಿಮ್ಮ ಮಿತಿಯ ಆಚೆಗಿದೆ. ಅಮೆರಿಕದ ಯಾವುದೋ ಊರಿನ ಗ್ಯಾರೇಜಿನಲ್ಲಿ ವಿಮಾನ ಕಟ್ಟುತ್ತಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಇಎಎ ಸಂಘದಲ್ಲಿ ಸ್ವಯಂಸೇವಕರಾಗಿ ಬಂದು ನೋಡುವ ತಾಂತ್ರಿಕ ಸಲಹೆಗಾರರಿದ್ದಾರೆ, ಸದಸ್ಯರಿಂದ ಅವರು ಹಣ ಪಡೆಯುವುದಿಲ್ಲ. ಹೊಸ ಪಿಸ್ಟನ್ ತರಿಸುವ ಮೊದಲೇ ಅವರನ್ನು ಕರೆಯಿರಿ, ಪ್ರೊಪೆಲ್ಲರ್ ತಯಾರಕರಿಗೆ ಬರೆದು ಕೇಳಿ, ಉತ್ತರ ಬರುವವರೆಗೆ ಹಳೆಯ ಪಿಸ್ಟನ್ನಿನಲ್ಲೇ ಹಾರಿ.