ಬ್ರಹ್ಮಗಿರಿಯ ಅಶೋಕಶಾಸನದ ಭಾಷೆ

ಕಟ್ಟಿದ ಭಾಷೆಗೆ ಪ್ರಾಂತಭೇದವುಂಟೇ ಎಂಬ ಪ್ರಶ್ನೆಯು 1887ರಲ್ಲಿ ಪ್ರಕಟವಾದ ಎಸ್ಪೆರಾಂಟೊವಿನಂತಹ ಕೃತಕಭಾಷೆಗಳ ವಿಷಯದಲ್ಲಿ ಕೇಳಿಬರುತ್ತದೆ. ಅಶೋಕನ ಧರ್ಮಲಿಪಿಗಳ ಪ್ರಾಕೃತವು ಅಷ್ಟರಮಟ್ಟಿಗೆ ಕೃತಕವಲ್ಲ. ಆದರೂ ಅದು ರಾಜಕಾರ್ಯಕ್ಕೆಂದು ಲೇಖಕರು ಹದಗೊಳಿಸಿದ ನುಡಿಯೇ ಹೊರತು ಬ್ರಹ್ಮಗಿರಿಯ ಸುತ್ತಣ ಜನರ ಮನೆಮಾತೆನ್ನಲು ಆಧಾರವಿಲ್ಲ. ಶಾಸನದ ಭಾಷೆಯೇ ಊರಿನ ಭಾಷೆಯೆಂದು ವಿದ್ಯಾರ್ಥಿಗಳಿಗೆ ಬೋಧಿಸುವ ಪ್ರಮಾದವು ಇನ್ನೂ ಅಳಿಯದಿರುವುದರಿಂದ ಇಲ್ಲಿಯ ರೂಪಗಳನ್ನು ಬಿಡಿಸಿ ನೋಡತಕ್ಕದ್ದು.

ಕ್ರಿಸ್ತಪೂರ್ವ 3ನೆಯ ಶತಮಾನದ ಈ ಶಾಸನದ ಮೂರು ಪ್ರತಿಗಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ನಿರೂಪವಿದು.

ಪೂರ್ವದೇಶದ ಪ್ರಾಕೃತದಲ್ಲಿ ರೇಫವು ಲಕಾರವಾಗುತ್ತದೆ, ಣಕಾರವು ನಕಾರವಾಗುತ್ತದೆ. ಕಳಿಂಗದ ಧೌಳಿಯಲ್ಲಿ ‘ಲಾಜಾ’ ಎಂದಿರುವುದು ಸೌರಾಷ್ಟ್ರದ ಗಿರಿನಾರಿನಲ್ಲಿ ‘ರಾಜಾ’ ಎಂದಿದೆ. ಬ್ರಹ್ಮಗಿರಿಯ ‘ಪೋರಾಣಾ’ ಎಂಬ ಶಬ್ದದಲ್ಲಿಯಾದರೋ ರೇಫಣಕಾರಗಳೆರಡೂ ನಿಂತಿವೆ. ಇಷ್ಟರಿಂದಲೇ ಇದು ಪಶ್ಚಿಮದ ಭಾಷೆಯೆಂದು ನಿರ್ಣಯಿಸುವಂತಿಲ್ಲ. ಏಕೆಂದರೆ ‘ಇಸಿಲಸಿ’ ಎಂಬಲ್ಲಿಯ ಸಪ್ತಮಿಯು ಧೌಳಿಯ ‘ವಿಜಿತಸಿ’ಯಂತೆ ಪೂರ್ವದ್ದು, ಗಿರಿನಾರಿನಲ್ಲಿ ಅದಕ್ಕೆ ‘ಮ್ಹಿ’ ಬರುತ್ತದೆ. ‘ದೇವಾಣಂಪಿಯೇ’ ಎಂಬ ಒಂದೇ ಪದದಲ್ಲಿ ಏಕಾರಾಂತ ಪ್ರಥಮೆಯು ಪೂರ್ವದ್ದಾಗಿದ್ದು, ಸಂಸ್ಕೃತದಲ್ಲಿಯೂ ಣತ್ವಕ್ಕೆ ನಿಮಿತ್ತವಿಲ್ಲದ ಎಡೆಯಲ್ಲಿ ಣಕಾರವು ಬಂದಿದೆ! ‘ಮಹಾತ್ಮ’ ಶಬ್ದವು ‘ಮಹಾತ್ಪ’ವಾಗಿರುವುದು ಗಿರಿನಾರಿನ ‘ಆತ್ಪ’ವನ್ನು ನೆನಪಿಗೆ ತರುತ್ತದೆ. ‘ಆರಾಧೇತವೇ’ ಎಂಬಲ್ಲಿ ಪಾಣಿನಿಯು (3.4.9) ಛಂದಸ್ಸಿಗೆ ಹೇಳಿದ ತುಮರ್ಥವು ಉಳಿದುಬಂದಿರುವುದು ವೈಯಾಕರಣರಿಗೆ ಸಂತೋಷವನ್ನುಂಟುಮಾಡತಕ್ಕ ವಿಷಯ.

ಈ ಬೆರಕೆಗೆ ಕಾರಣವೇನು? ಬರೆದವನು ಚಪಡನೆಂಬ ಲಿಪಿಕಾರನು. ಅವನು ‘ಲಿಪಿಕರೇಣ’ ಎಂಬ ಪದವನ್ನು ಮಾತ್ರ ವಾಯವ್ಯ ಪ್ರಾಂತದ ಖರೋಷ್ಠಿಯಲ್ಲಿ ಕೆತ್ತಿರುವುದರಿಂದ ಅಲ್ಲಿಯ ಶಿಕ್ಷಣವನ್ನು ಪಡೆದವನೆಂದು ಊಹಿಸಬಹುದು. ಮಗಧದ ಮೂಲಪಾಠವು ಸುವರ್ಣಗಿರಿಯ ಲೇಖಕರ ಕೈದಾಟಿ ಇಂತಹವನ ಉಳಿಗೆ ಬಂದಾಗ ರೂಪಗಳು ಬೆರೆಯುವುದು ಸಹಜವೇ. ಕನ್ನಡದಲ್ಲಿಯೂ ಣಕಾರವು ಹೇರಳವಾಗಿರುವುದನ್ನು ನೆಚ್ಚಿ ಇದನ್ನು ದೇಶ್ಯಪ್ರಭಾವವೆನ್ನುವುದು ಸಾಹಸವಾದೀತು.

ಇಂದಿಗೂ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ತೆಲುಗು ಮನೆಮಾತು, ಕಚೇರಿಯಲ್ಲಿ ಕನ್ನಡ. ಕಚೇರಿಯ ಕಾಗದವನ್ನು ಮಾತ್ರ ಓದಿದವನಿಗೆ ಆ ತೆಲುಗು ಕಾಣದು. ಅಶೋಕನ ಕಾಲದ ಜನರ ನುಡಿಯೂ ಹಾಗೆಯೇ ಮರೆಯಾಗಿರಬೇಕು. ಅದರ ಸುಳಿವು ಉಳಿದಿದ್ದರೆ ‘ಇಸಿಲ’ವೆಂಬ ಊರಿನ ಹೆಸರಿನಲ್ಲಿ. ಅದನ್ನು ಡಿ. ಎಲ್. ನರಸಿಂಹಾಚಾರ್ಯರು ಕನ್ನಡ ಶಬ್ದವೆಂದೇ ವಾದಿಸಿದ್ದಾರೆ.