ಚೆಸ್ ವಿಡಿಯೋಗೆ ಯಾವ ತಂತ್ರಾಂಶ?



ಮಕ್ಕಳು ತಾವಾಡಿದ ಚೆಸ್ ಆಟವನ್ನು ಊರಿನ ಅಜ್ಜ-ಅಜ್ಜಿಗೆ ಕನ್ನಡದಲ್ಲೇ ವಿವರಿಸಿ ವಿಡಿಯೋ ಮಾಡಬೇಕೆ? "ಉಚಿತ" ಎನ್ನುವ ಎಷ್ಟೋ ತಂತ್ರಾಂಶಗಳು ಕೊನೆಗೆ ವಿಡಿಯೋ ಮೇಲೆ ತಮ್ಮ ಮುದ್ರೆ ಒತ್ತುತ್ತವೆ. ಸರಟೋಗಾದ ನಮ್ಮ ಮನೆಯಲ್ಲಿ ನಾನು ಆರಿಸಿಕೊಂಡ ಈ ಮೂರರಲ್ಲಿ ಆ ಕಾಟವಿಲ್ಲ.

ಲೀಚೆಸ್ ತಾಣದ 'ಸ್ಟಡಿ'ಯಲ್ಲಿ ಆಟ ತುಂಬಿ. ಮೌಸಿನ ಬಲಗುಂಡಿ ಒತ್ತಿ ಎಳೆದರೆ ಬಾಣದ ಗುರುತು ಮೂಡುತ್ತದೆ. ಓಬಿಎಸ್ ಸ್ಟುಡಿಯೋ ಪರದೆಯನ್ನೂ ದನಿಯನ್ನೂ ಒಟ್ಟಿಗೆ ರೆಕಾರ್ಡ್ ಮಾಡುತ್ತದೆ. ಎಂಕೆವಿ ಕಡತವಾಗಿ ಉಳಿಸಿದರೆ, ನಡುವೆ ಕಂಪ್ಯೂಟರ್ ನಿಂತರೂ ಅಲ್ಲಿಯವರೆಗಿನದು ಕೈತಪ್ಪದು. ತೊದಲಿದ್ದನ್ನು ಕತ್ತರಿಸಲು ಶಾಟ್‌ಕಟ್ ಸಾಕು.

ಚೆಸ್‌ನಲ್ಲಿ ಚಿತ್ರ ಹೆಚ್ಚು ಅಲುಗಾಡದು, ಸೆಕೆಂಡಿಗೆ 30 ಫ್ರೇಮ್ ಧಾರಾಳ. ಹಣ ಖರ್ಚು ಮಾಡುವುದಿದ್ದರೆ ಒಳ್ಳೆಯ ಮೈಕಿಗೆ ಮಾಡಿ. ರೂಕ್, ಬಿಷಪ್ ಬದಲು ಆನೆ, ಒಂಟೆ ಎಂದು ಮಕ್ಕಳು ಹೇಳಿದರೆ ಅಜ್ಜನಿಗೂ ಆಟ ಅರ್ಥವಾಗುತ್ತದೆ.